ಎದಿ ಅಂದವಳಿಗೆ ಇಸಿಜಿ

ದವಾಖಾನೆಯ ಸಾಲಿನಲ್ಲಿ ನಾನು ಅವಳ ಹಿಂದೆಯೇ ನಿಂತಿದ್ದೆ. ಹುನಗುಂದ ಸೀಮೆಯ ನನ್ನ ತವರಿನ ಓಣಿಯವಳು, 42 ವರ್ಷದ ಹೆಂಗಸು. ಬಾಯಿತುಂಬ ಅತ್ತಿ ಎಂದು ಕರೆಯುತ್ತೇನೆ. ಟೇಬಲ್ಲಿನ ಆಚೆ ಡಾಕ್ಟರು, ಅವರ ಪಕ್ಕಕ್ಕೆ ಔಷಧ ಕಂಪನಿಯವನು, ಚೀಟಿ ಕೊಡುವ ಹುಡುಗ, ಬಾಗಿಲಲ್ಲಿ ಇಣುಕುತ್ತಿದ್ದ ಇನ್ನಿಬ್ಬರು ಗಂಡಸರು. "ಏನಾಗೇತಿ?" "ಎದಿಯಾಗ ಬ್ಯಾನಿರೀ." ಮುಂದೆ ಮಾತಿಲ್ಲ. ಎಲ್ಲಿ, ಎಷ್ಟು ದಿನದಿಂದ, ಕೈಗೆ ಏನಾದರೂ ಹತ್ತುತ್ತದೆಯೇ, ಒಂದನ್ನೂ ಕೇಳಲಿಲ್ಲ. ಚೀಟಿಯ ಮೇಲೆ ಇಸಿಜಿ ಎಂದು ಬರೆದರು. ಎದೆಗೆ ತಂತಿ ಹಚ್ಚಿ, ಗೆರೆಗೆರೆಯ ಕಾಗದ ಹರಿದು, "ಹಾರ್ಟ್ ಛಲೋ ಐತಿ, ಗ್ಯಾಸ್ ಆಗಿರಬೇಕು" ಎಂದು ಗುಳಿಗೆ ಕೊಟ್ಟು ಕಳಿಸಿದರು. ತಂತಿ ಹಚ್ಚಿದ ಜಾಗದಿಂದ ನಾಲ್ಕು ಬೆರಳ ಆಚೆಗೆ ನಿಂಬೆಹಣ್ಣಿನಷ್ಟು ಗಂಟು ಇತ್ತು.

ಗಂಟಿನ ಸಂಗತಿ ನನಗೆ ತಿಳಿದದ್ದು ಒಂದು ವರ್ಷದ ಮೇಲೆ. ಯಾಕ ಹೇಳಲಿಲ್ಲ ಅತ್ತಿ ಎಂದು ಕೇಳಿದೆ. "ಅಷ್ಟು ಗಂಡಸರ ಮುಂದ ಮೊಲಿ ಅನ್ನಾಕ ಬಾಯಿ ಬರಲಿಲ್ಲವ್ವ" ಎಂದಳು.

ಆ ಮಾತು ಕೇಳಿದ ದಿನದಿಂದ ನನ್ನ ಹೊಟ್ಟೆಯೊಳಗೆ ಕೆಂಡ ಉರಿಯುತ್ತಿದೆ. ಸಾವಿರ ವರ್ಷದಿಂದ ಕನ್ನಡದ ಕವಿಗಳು ಮೊಲೆಯನ್ನು ಬಣ್ಣಿಸಿದ್ದಾರೆ. ಆಸ್ಥಾನದಲ್ಲಿ ಓದಿದ್ದಾರೆ, ಕಾಲೇಜಿನಲ್ಲಿ ಪಾಠ ಮಾಡಿದ್ದಾರೆ. ಬಾದಾಮಿಯ ಗುಹೆಗಳ ಕಂಬದ ಮೇಲೆ ಕಡೆದಿದ್ದಾರೆ, ಅದನ್ನು ನೋಡಲು ಟಿಕೆಟ್ಟು ಹರಿಯುತ್ತಾರೆ. ಗಂಡಸರು ಕಟ್ಟೆಯ ಮೇಲೆ ಕೂತು ಬೈಗುಳಕ್ಕೂ ಬಳಸುತ್ತಾರೆ, ಚೇಷ್ಟೆಗೂ ಬಳಸುತ್ತಾರೆ. ಅದು ಯಾರ ಮೈಯಲ್ಲಿ ಇದೆಯೋ ಅವಳು ತನ್ನ ನೋವಿಗೆ ಆ ಶಬ್ದವನ್ನು ಬಳಸಿದರೆ ಮಾತ್ರ ಅದು ಹೊಲಸು ಮಾತು. ಅದಕ್ಕೇ ಅವಳು ಎದಿ ಎನ್ನುತ್ತಾಳೆ. ಎದಿ ಅಂದವಳಿಗೆ ಇಸಿಜಿ ಬರೆಯುತ್ತಾರೆ. ನಾನು ಇಲ್ಲಿ ಮೊಲೆ ಎಂದೇ ಬರೆಯುತ್ತೇನೆ. ಓದುವವರ ಕಣ್ಣಿಗೆ ಮುಜುಗರವಾದರೆ ಆಗಲಿ.

ಆ ಒಂದು ವರ್ಷ ಅತ್ತಿ ಏನು ಮಾಡಿದಳು? ಮೊದಲು ಸುಣ್ಣ-ಬೆಲ್ಲ ಕಲಸಿ ಹಚ್ಚಿದಳು. ಚರ್ಮ ಸುಟ್ಟು ಗುಳ್ಳೆ ಎದ್ದಿತು. ಬನಶಂಕರಿಗೆ ಹರಕೆ ಹೊತ್ತಳು. ಇನ್ನೊಬ್ಬ ಡಾಕ್ಟರ ಹತ್ತಿರ ಹೋದಾಗಲೂ ಎದಿ ಎಂದೇ ಹೇಳಿ ಶಕ್ತಿಗೆ ಸೂಜಿ ಮಾಡಿಸಿಕೊಂಡು ಬಂದಳು. ಅಷ್ಟರಲ್ಲಿ ಯಾರದೋ ಸಾವಿನ ಮನೆಯಲ್ಲಿ ಮೊಲೆಯ ಗಂಟು ಅಂದರೆ ಕ್ಯಾನ್ಸರ್, ಕ್ಯಾನ್ಸರ್ ಅಂದರೆ ಮಣ್ಣು ಎಂಬ ಮಾತು ಕಿವಿಗೆ ಬಿತ್ತು. ಅಂದಿನಿಂದ ಸಾಯಲು ತಯಾರಾದಳು. ಬೆಂಡೋಲೆ ಹಿರೀ ಮಗಳಿಗೆ, ಕಾಲಿನ ಬೆಳ್ಳಿ ಕಿರಿಯವಳಿಗೆ, ಪೆಟ್ಟಿಗೆಯಲ್ಲಿ ಮಡಿಚಿಟ್ಟ ಎರಡು ಇಳಕಲ್ಲ ಸೀರೆ ಸೊಸೆಗೆ ಎಂದು ಹಂಚಿಟ್ಟಳು. ಹೊಲಕ್ಕೆ ಹೋದಳು, ಕಸ ತೆಗೆದಳು, ರೊಟ್ಟಿ ಬಡಿದಳು. ರಾತ್ರಿ ಮಗ್ಗಲು ಬದಲಿಸುವಾಗ ಗಂಟು ಮುಟ್ಟಿ ನೋಡಿಕೊಂಡು ಅತ್ತಳು. ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ.

ಕೊನೆಗೆ ಬಾಗಲಕೋಟೆಗೆ ಕರೆದುಕೊಂಡು ಹೋದೆ. ಹೆಣ್ಣು ಡಾಕ್ಟರು ಪರದೆ ಎಳೆದು, ಕೈ ಬೆಚ್ಚಗೆ ಮಾಡಿಕೊಂಡು, ಎರಡೂ ಕಡೆ ಮುಟ್ಟಿ ನೋಡಿದರು, ಕಂಕುಳನ್ನೂ ನೋಡಿದರು. ಸ್ಕ್ಯಾನ್ ಮಾಡಿಸಿದರು. "ನೀರಿನ ಗಂಟು" ಎಂದರು. ಸಣ್ಣ ಸೂಜಿ ಚುಚ್ಚಿ ಎಳೆದರೆ ಹಸಿರು ಬೆರೆತ ಹಳದಿ ನೀರು ಸಿರಿಂಜಿನೊಳಗೆ ಏರಿತು. ರಕ್ತದ ಗುರುತಿಲ್ಲ. ಗಂಟು ಕೈಗೆ ಸಿಗದ ಹಾಗೆ ಇಳಿದುಹೋಯಿತು. ಐದು ನಿಮಿಷದ ಕೆಲಸ. ಅತ್ತಿ ಮೇಜಿನ ಮೇಲೆ ಮಲಗಿದಲ್ಲೇ ಗೊಳೋ ಎಂದು ಅತ್ತಳು. ಐದು ನಿಮಿಷದ ಸೂಜಿ ಸಿಗದೆ ಒಂದು ವರ್ಷ ಹೆಣವಾಗಿ ಬದುಕಿದ್ದಳು. ಆ ವರ್ಷವನ್ನು ಅವಳಿಗೆ ಯಾರು ವಾಪಸು ಕೊಡುತ್ತಾರೆ?

ವೈದ್ಯರ ಪುಸ್ತಕದಲ್ಲಿ ಇಂಥವಕ್ಕೆ ನಿರಪಾಯ ಗಂಟು ಎಂದು ಹೆಸರು. ಪರೀಕ್ಷೆಗೆ ಬರುವ ಮೊಲೆಯ ಗಂಟುಗಳಲ್ಲಿ ಬಹುಪಾಲು ಇವೇ. ಈ ಮಾತನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಲ್ಲ. ಹದಿನೈದರಿಂದ ಮೂವತ್ತೈದರೊಳಗಿನ ಹುಡುಗಿಯರಲ್ಲಿ ಬರುವುದು ಹೆಚ್ಚಾಗಿ ಫೈಬ್ರೊಅಡಿನೋಮ. ನುಣ್ಣಗೆ, ರಬ್ಬರಿನ ಹಾಗೆ, ಗೋಲಿಯ ಹಾಗೆ ಬೆರಳಿನಡಿ ಜಾರಿ ಓಡಾಡುತ್ತದೆ. ಹೆಚ್ಚಿನವು ಎರಡು ಮೂರು ಸೆಂಟಿಮೀಟರ್ ಬೆಳೆದು ನಿಂತುಬಿಡುತ್ತವೆ, ಕೆಲವು ತಾವೇ ಕುಗ್ಗುತ್ತವೆ. ಮೂವತ್ತೈದು ದಾಟಿ ಮುಟ್ಟು ನಿಲ್ಲುವ ತನಕದ ಕಾಲದಲ್ಲಿ ನೀರಿನ ಗಂಟುಗಳು. ಮುಟ್ಟಿಗೆ ಒಂದು ವಾರ ಮೊದಲು ಎರಡೂ ಮೊಲೆ ಭಾರವಾಗಿ, ಕಾಳು ಕಾಳಾಗಿ ಕೈಗೆ ಹತ್ತಿ, ಮುಟ್ಟಾದ ಮೇಲೆ ಇಳಿಯುವುದು ರೋಗವೇ ಅಲ್ಲ, ತಿಂಗಳ ಹಾರ್ಮೋನುಗಳ ಏರಿಳಿತ. 1987ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಶಸ್ತ್ರವೈದ್ಯ ಹ್ಯೂಸ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನೇ ಬರೆದರು: ಮೊಲೆ ಹುಟ್ಟಿ ಬೆಳೆಯುವ, ತಿಂಗಳು ತಿಂಗಳೂ ಬದಲಾಗುವ, ವಯಸ್ಸಾದಂತೆ ಬಾಡುವ ದಾರಿಯಲ್ಲಿ ಆಗುವ ಏರುಪೇರುಗಳಿವು, ಬಹಳಷ್ಟಕ್ಕೆ ರೋಗದ ಹೆಸರು ಕೊಡಬಾರದು ಎಂದು. ಹೆಸರು ಬದಲಾದರೆ ಹೆದರಿಕೆ ಬದಲಾಗುತ್ತದೆ. ಸುಮಾರು ನಾಲ್ಕು ದಶಕದ ಹಿಂದೆ ಅಲ್ಲಿ ಬದಲಾದ ಆ ಹೆಸರು ಹುನಗುಂದದ ಹೊಲದ ಬದುವಿಗೆ ಇನ್ನೂ ಬಂದಿಲ್ಲ.

ಹಾಲೂಡುವ ತಾಯಿಯ ಕಥೆ ಬೇರೆ. ಹಾಲು ಕಟ್ಟಿ ಮೊಲೆ ಕೆಂಪಾಗಿ ಜ್ವರ ಬಂದರೆ ನಮ್ಮಲ್ಲಿ ದೃಷ್ಟಿ ತಾಗಿತು ಎಂದು ಮೆಣಸಿನಕಾಯಿ ಇಳಿದೆಗೆದು, ಕೂಸನ್ನು ಮೊಲೆಯಿಂದ ಬಿಡಿಸಿಬಿಡುತ್ತಾರೆ. ಕೂಸು ಕುಡಿಯದಿದ್ದರೆ ಹಾಲು ಇನ್ನಷ್ಟು ಕಟ್ಟುತ್ತದೆ, ಕಟ್ಟಿದ್ದು ಕೀವಾಗುತ್ತದೆ. ಬಾಣಂತಿಗೆ ಬೇಕಾದದ್ದು ಹಾಲು ಕುಡಿಸುತ್ತಲೇ ಇರುವುದು, ತಕ್ಕ ಔಷಧ, ಕೀವಾದರೆ ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಎಳೆಯುವುದು. ಎಷ್ಟೋ ಸಲ ಇದಕ್ಕೆ ಕತ್ತರಿಯೇ ಬೇಕಿಲ್ಲ. ಮತ್ತೆ ಮತ್ತೆ ಒಡೆದು ಸೋರುವ, ಮಾಯದ ಬಾವು ಕ್ಷಯವೂ ಆಗಿರಬಹುದು. ಕ್ಷಯಕ್ಕೆ ಮದ್ದು ಗುಳಿಗೆ, ಅದು ಸರಕಾರಿ ದವಾಖಾನೆಯಲ್ಲಿ ಬಿಟ್ಟಿ ಸಿಗುತ್ತದೆ. ಪರೀಕ್ಷೆ ಮಾಡದೆ ಕೊಯ್ದವರಿಗೆ ಅದು ತಿಳಿಯುವುದು ಹೇಗೆ?

ಕೊಯ್ಯುವ ಮಾತು ಬಂದರೆ ನನ್ನ ಅಕ್ಕನ ಮಾತು ಬರಬೇಕು.

ದೊಡ್ಡವ್ವನ ಮನೆ ಇಳಕಲ್ಲಿನಲ್ಲಿ. ಮನೆಯೊಳಗೇ ಕುಣಿಮಗ್ಗ. ಗಂಡಸರು ಮಗ್ಗದ ಕುಣಿಯಲ್ಲಿ ಕೂತರೆ ಹೆಣ್ಣುಮಕ್ಕಳು ರಾಟಿ ತಿರುವಿ ಕಂಡಿಕಿ ಸುತ್ತುತ್ತಾರೆ. ಇಳಕಲ್ಲ ಸೀರೆಯ ಮೈಯ ಹಾಸು ಬೇರೆ, ಕೆಂಪು ಸೆರಗಿನ ಹಾಸು ಬೇರೆ. ಆ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅಕ್ಕನ ಬೆರಳಿಗೆ ಕರೆಂಟು ಹೋದ ಕತ್ತಲೆಯಲ್ಲೂ ನೂಲಿನ ಗಂಟು ಸಿಗುತ್ತಿತ್ತು. ಕೂದಲೆಳೆಯಂಥ ರೇಷ್ಮೆಯಲ್ಲಿ ಸಾಸಿವೆಗಿಂತ ಸಣ್ಣ ಗಂಟಿದ್ದರೂ ರಾಟಿ ನಿಲ್ಲಿಸಿ ಬಿಡಿಸುತ್ತಿದ್ದಳು. ಆ ಬೆರಳುಗಳೇ 1998ರಲ್ಲಿ, ಅವಳ 19ನೆಯ ವಯಸ್ಸಿನಲ್ಲಿ, ಮೈ ತೊಳೆಯುವಾಗ ಎಡ ಮೊಲೆಯ ಗಂಟನ್ನು ಕಂಡುಹಿಡಿದವು. ಗೋಲಿಯಷ್ಟು, ಜಾರಾಡುವ ಗಂಟು. ಅದೇ ತಿಂಗಳು ಅವಳ ಲಗ್ನ ಗೊತ್ತಾಗಿತ್ತು.

ದೊಡ್ಡವ್ವ ಬಾಯಿಗೆ ಸೆರಗು ಹಿಡಿದಳು. "ಬೀಗರಿಗೆ ಗೊತ್ತಾದರ ಮುಗೀತು. ಲಗೂ ತಗಿಸಿಬಿಡೂಣು." ರಾತ್ರಿಯ ಬಸ್ಸು ಹಿಡಿದು ದೂರದ ಊರೊಂದರ ಖಾಸಗಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಹೋದ ದಿನವೇ ಕೊಯ್ದರು. ಸ್ಕ್ಯಾನ್ ಇಲ್ಲ, ಸೂಜಿ ಪರೀಕ್ಷೆ ಇಲ್ಲ. ತೆಗೆದ ಗಂಟನ್ನು ಸ್ಟೀಲಿನ ಬಟ್ಟಲಲ್ಲಿ ತಂದು ದೊಡ್ಡಪ್ಪನಿಗೆ ತೋರಿಸಿದರು. ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ಆಮೇಲೆ ಅದನ್ನು ಚೆಲ್ಲಿದರು. ಮೈಯಿಂದ ಕೊಯ್ದು ತೆಗೆದ ಇಂಥ ಗಂಟು ಪ್ರಯೋಗಾಲಯಕ್ಕೆ ಹೋಗಲೇಬೇಕು, ಅದೇನೆಂದು ಬರವಣಿಗೆಯಲ್ಲಿ ಬರಬೇಕು. ನನ್ನ ಅಕ್ಕನ ಗಂಟು ಕಸದ ಬುಟ್ಟಿಗೆ ಹೋಯಿತು. ಅದು ಏನಾಗಿತ್ತೆಂದು ಹೇಳುವ ಒಂದು ಚೂರು ಕಾಗದ ಇವತ್ತಿಗೂ ಅವಳ ಹತ್ತಿರ ಇಲ್ಲ.

ಗಾಯ ಕೀವಾಯಿತು. ಮಾದಮೇಲೆ ಮೊಲೆಯ ಅರ್ಧಕ್ಕೆ ಎಳೆದ ಬರೆಯಂಥ ಗುರುತು ಉಳಿಯಿತು. ಸುದ್ದಿ ಬೀಗರಿಗೆ ಮುಟ್ಟಿತು, ಲಗ್ನ ಮುರಿಯಿತು. ನಾಲ್ಕು ವರ್ಷ ಮನೆಯಲ್ಲಿ ಕೂತಳು. ಆಮೇಲೆ ಇಬ್ಬರು ಮಕ್ಕಳಿದ್ದ ವಿಧುರನಿಗೆ ಕೊಟ್ಟರು. ಹಡೆದಾಗ ಎಡಗಡೆ ಹಾಲು ಸರಿಯಾಗಿ ಇಳಿಯಲಿಲ್ಲ. ಅತ್ತೆ ಅದಕ್ಕೂ ಆಡಿಕೊಂಡಳು. ಇಷ್ಟೆಲ್ಲ ಗೋಲಿಯಂಥ ಒಂದು ಗಂಟಿಗೆ! ಬಹುತೇಕ ಅದನ್ನು ಮುಟ್ಟದೆ ಬಿಡಬಹುದಿತ್ತು. ತೆಗೆಯಲೇಬೇಕಿದ್ದರೂ ಮೊಲೆತೊಟ್ಟಿನ ಸುತ್ತಲಿನ ಕಪ್ಪು ಅಂಚಿನಲ್ಲಿ ಸಣ್ಣದಾಗಿ ಕೊಯ್ದು, ಗುರುತು ಕಾಣದಂತೆ ತೆಗೆಯುವ ದಾರಿ ಆಗಲೂ ಇತ್ತು.

ಗಂಟು ಕೈಗೆ ಸಿಕ್ಕ ಯಾವ ಹೆಣ್ಣಿಗೂ ಮೂರು ಪರೀಕ್ಷೆಗಳು ಸಲ್ಲಬೇಕು. ನುರಿತ ಕೈಯಿಂದ ಮುಟ್ಟಿ ನೋಡುವುದು ಒಂದು. ಚಿತ್ರ ತೆಗೆಯುವುದು ಎರಡನೆಯದು: ಎಳೆಯವರಿಗೆ ಅಲ್ಟ್ರಾಸೌಂಡ್, ನಲವತ್ತರ ಆಚೆಯವರಿಗೆ ಮ್ಯಾಮೊಗ್ರಾಮ್ ಮತ್ತು ಅಲ್ಟ್ರಾಸೌಂಡ್ ಎರಡೂ. ಮೂರನೆಯದು ಸೂಜಿ. ಗಂಟಿನಿಂದ ಜೀವಕೋಶ ಎಳೆಯುವ ತೆಳು ಸೂಜಿ, ಅಥವಾ ಎಳೆಯಷ್ಟು ಮಾಂಸ ತೆಗೆಯುವ ದಪ್ಪ ಸೂಜಿ. ಬರಿಯ ನೀರಿನ ಗಂಟೆಂದು ಸ್ಕ್ಯಾನಿನಲ್ಲೇ ಖಚಿತವಾದರೆ ಅಷ್ಟಕ್ಕೇ ಮುಗಿಯಬಹುದು, ಉಳಿದಲ್ಲಿ ಮೂರೂ ಬೇಕು. ಮೂರೂ ಒಂದೇ ಮಾತು ಹೇಳಿ ನಿರಪಾಯ ಎಂದರೆ ನೂರಕ್ಕೆ 99ಕ್ಕೂ ಮೇಲೆ ಆ ಮಾತು ನಿಜ. ಮೂರರಲ್ಲಿ ಒಂದು ಅಪಸ್ವರ ತೆಗೆದರೂ ಸುಮ್ಮನಿರಬಾರದು, ಮುಂದಕ್ಕೆ ಹುಡುಕಬೇಕು. ನಿರಪಾಯ ಎಂದು ಖಚಿತವಾದ ಮೂರು ಸೆಂಟಿಮೀಟರಿನೊಳಗಿನ ಫೈಬ್ರೊಅಡಿನೋಮವನ್ನು ಬಿಟ್ಟು, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದರೆ ಸಾಕು. ಬೆಳೆಯುತ್ತಿದ್ದರೆ, ದೊಡ್ಡದಿದ್ದರೆ, ನೋಯುತ್ತಿದ್ದರೆ, ಅಥವಾ ಅವಳಿಗೇ ಅದು ಬೇಡವೆನಿಸಿದರೆ ತೆಗೆಯಬೇಕು. ಬೇಕು ಬೇಡ ಅವಳು ಹೇಳಬೇಕು. ಗಂಡ, ಅಪ್ಪ, ಬೀಗರು ಹೇಳಬಾರದು.

ಇಷ್ಟು ಸರಳ ವಿಷಯದ ಸುತ್ತ ಹೆದರಿಕೆಯ ಅಂಗಡಿ ಎದ್ದು ನಿಂತಿದೆ. 22ರ ಹುಡುಗಿಗೆ ಮ್ಯಾಮೊಗ್ರಾಮ್ ಬರೆಯುತ್ತಾರೆ. ಎಳೆಯ ಮೊಲೆಯ ದಟ್ಟ ಅಂಗಾಂಶದಲ್ಲಿ ಅದು ಬಿಳಿ ಮಂಜಿನಂತೆ ಕಾಣುತ್ತದೆ, ಗಂಟು ಅದರೊಳಗೆ ಮುಚ್ಚಿಹೋಗುತ್ತದೆ. ಕ್ಯಾನ್ಸರ್ ಹುಡುಕುತ್ತೇವೆ ಎಂದು ರಕ್ತ ತೆಗೆದು ಸಾವಿರಗಟ್ಟಲೆ ವಸೂಲಿ ಮಾಡುತ್ತಾರೆ. ಮೊಲೆಯ ಗಂಟು ಯಾವುದೆಂದು ರಕ್ತ ಹೇಳುವುದಿಲ್ಲ. ನೋವಿಗೆ ತಿಂಗಳುಗಟ್ಟಲೆ ಪ್ರಿಮ್ರೋಸ್ ಎಣ್ಣೆಯ ಗುಳಿಗೆ ಬರೆಯುತ್ತಾರೆ. ಪರಿಣಾಮ ಕಾಣದೆಂದು 2002ರಲ್ಲಿ ಬ್ರಿಟನ್ ಅದರ ಪರವಾನಗಿಯನ್ನೇ ಹಿಂತೆಗೆದುಕೊಂಡಿತು. ಇಲ್ಲಿ ಈಗಲೂ ಅದನ್ನು ಬರೆಯುತ್ತಾರೆ. ಕೂಲಿ ಮಾಡುವ ಹೆಣ್ಣಿನ ಸೆರಗಿನ ಗಂಟು ಬಿಚ್ಚಿಸಿ ಎದೆಯ ಗಂಟನ್ನು ಇದ್ದಲ್ಲೇ ಬಿಡುವ ಇದು ಸುಲಿಗೆ. ಬೇರೆ ಹೆಸರು ನನಗೆ ಗೊತ್ತಿಲ್ಲ.

ಇದರ ಇನ್ನೊಂದು ಮುಖ ಇನ್ನೂ ಕರಾಳ. ನಮ್ಮ ಓಣಿಯ ಮತ್ತೊಬ್ಬಳು 47ರವಳು. ಅವಳದು ಗಟ್ಟಿ ಗಂಟು, ಅಲುಗಾಡದ ಗಂಟು. "ನೋಯಸ್ತದೇನು?" "ಇಲ್ಲರೀ." "ನೋಯಲಿಲ್ಲ ಅಂದರ ಏನಿಲ್ಲ, ಕೊಬ್ಬಿನ ಗಂಟು, ಹೋಗು." ಮುಟ್ಟಿ ಸಹ ನೋಡಲಿಲ್ಲ. ಕ್ಯಾನ್ಸರಿನ ಗಂಟು ಮೊದಮೊದಲು ಹೆಚ್ಚಾಗಿ ನೋಯುವುದೇ ಇಲ್ಲ. ನಲವತ್ತು ದಾಟಿದವಳಲ್ಲಿ ಹೊಸದಾಗಿ ಬಂದ ಯಾವ ಗಂಟನ್ನೂ ಪರೀಕ್ಷೆಯಿಲ್ಲದೆ ನಿರಪಾಯ ಎನ್ನುವ ಹಕ್ಕು ಯಾರಿಗೂ ಇಲ್ಲ. ಚರ್ಮ ಒಳಕ್ಕೆ ಎಳೆದುಕೊಂಡರೆ, ತೊಟ್ಟು ಹೊಸದಾಗಿ ಒಳಸೇರಿದರೆ, ತೊಟ್ಟಿನಿಂದ ರಕ್ತ ಬಂದರೆ, ಕಂಕುಳಲ್ಲಿ ಗಡ್ಡೆ ಹತ್ತಿದರೆ ಆ ವಾರವೇ ಹೊರಡಬೇಕು. ಅವಳಿಗೆ ಇದನ್ನು ಹೇಳುವವರು ಸಿಗಲಿಲ್ಲ. ಬೆಂಗಳೂರಿನ ಕಿದ್ವಾಯಿಗೆ ಮುಟ್ಟುವ ಹೊತ್ತಿಗೆ ರೋಗ ಎಲುಬಿಗೆ ಇಳಿದಿತ್ತು. ಒಬ್ಬಳನ್ನು ಪರೀಕ್ಷೆಯಿಲ್ಲದೆ ಕೊಯ್ದರು, ಇನ್ನೊಬ್ಬಳನ್ನು ಪರೀಕ್ಷೆಯಿಲ್ಲದೆ ಮನೆಗೆ ಕಳಿಸಿದರು. ಎರಡೂ ಒಂದೇ ಅಪರಾಧ.

ಸರಕಾರಕ್ಕೆ ಇದೆಲ್ಲ ಗೊತ್ತಿಲ್ಲವೆಂದು ತಿಳಿಯಬೇಡಿ. 30 ದಾಟಿದ ಪ್ರತಿ ಹೆಣ್ಣಿನ ಮೊಲೆಯನ್ನು ಐದು ವರ್ಷಕ್ಕೊಮ್ಮೆ ತರಬೇತಾದ ಕೈ ಮುಟ್ಟಿ ನೋಡಬೇಕೆಂದು ಕೇಂದ್ರ ಸರಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆಮೇಲೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಮನೆಗೆ ಹೋಗಿ ಕೇಳಿತು. 30ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಬದುಕಿನಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಆದವರು ದೇಶದಲ್ಲಿ ನೂರಕ್ಕೆ 0.9. ನೂರರಲ್ಲಿ ಪೂರಾ ಒಬ್ಬಳೂ ಇಲ್ಲ! ಬಸುರಾದರೆ ನಮ್ಮ ಹೊಟ್ಟೆಯ ಲೆಕ್ಕ ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳೂ ಬರೆಯುತ್ತಾರೆ. ಸ್ಕ್ಯಾನಿಂಗ್ ಅಂದರೆ ನಮ್ಮ ಕಡೆ ಬಸುರಿಗೆ ಎಂದೇ ಅರ್ಥ. ಹಡೆಯುವಾಗ ನಾವು ಸರಕಾರದ ಮಕ್ಕಳು. ಹಡೆದು ಮುಗಿಸಿದ ಮೈಗೆ ಕೇಳುವವರಿಲ್ಲ.

ಯಂತ್ರ ಇಲ್ಲ, ರೊಕ್ಕ ಇಲ್ಲ ಎನ್ನುವವರಿಗೆ ಮುಂಬಯಿಯ ಕೆಲಸ ತೋರಿಸುತ್ತೇನೆ. ಟಾಟಾ ಮೆಮೋರಿಯಲ್‌ನವರು 1998ರಲ್ಲಿ, ನನ್ನ ಅಕ್ಕನನ್ನು ಕಣ್ಣುಮುಚ್ಚಿ ಕೊಯ್ದ ಅದೇ ವರ್ಷ, ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಣ್ಣುಮಕ್ಕಳನ್ನು ಎರಡು ಪಾಲು ಮಾಡಿ ದೊಡ್ಡ ಅಧ್ಯಯನ ಸುರು ಮಾಡಿದರು. ಒಂದು ಪಾಲಿನವರ ಮೊಲೆಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದರು. ಡಾಕ್ಟರಲ್ಲ, ಮ್ಯಾಮೊಗ್ರಾಮ್ ಅಲ್ಲ, ಹೆಣ್ಣಿನ ಹತ್ತು ಬೆರಳು. 20 ವರ್ಷದ ಮೇಲೆ, 2021ರಲ್ಲಿ, ಫಲಿತಾಂಶ ಹೊರಬಿತ್ತು. ಪರೀಕ್ಷೆ ಆದವರಲ್ಲಿ ರೋಗ ಮುಂಚಿನ ಹಂತದಲ್ಲೇ ಸಿಕ್ಕಿತು, 50 ದಾಟಿದವರಲ್ಲಿ ಮೊಲೆ ಕ್ಯಾನ್ಸರಿನ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿಯಿತು. ಐವತ್ತರೊಳಗಿನವರ ಸಾವಿನ ಲೆಕ್ಕ ಇಳಿಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಪ್ರತಿ ಹಳ್ಳಿಯಲ್ಲೂ ಆಶಾ ಕಾರ್ಯಕರ್ತೆ ಇದ್ದಾಳೆ. ಉಪಕೇಂದ್ರದ ಸಿಸ್ಟರ್‌ಗೆ ಈ ಕೈಕೆಲಸ ಕಲಿಸಿ. ಅವರಿಗೆ ಕೊಡಬೇಕಾದ ಸಂಬಳ ಕೊಡಿ. ಇಳಕಲ್ಲಿನಲ್ಲಿ, ಹುನಗುಂದದಲ್ಲಿ, ಬಾದಾಮಿಯಲ್ಲಿ ವಾರಕ್ಕೊಂದು ದಿನ ಹೆಣ್ಣು ಡಾಕ್ಟರು, ಸ್ಕ್ಯಾನ್ ನೋಡುವವರು, ಸೂಜಿ ಹಾಕುವವರು ಒಂದೇ ಕೋಣೆಯಲ್ಲಿ ಸಿಗುವಂತೆ ಮಾಡಿ. 2023ರ ಜೂನ್‌ನಿಂದ ಬಸ್ಸು ನಮಗೆ ಬಿಟ್ಟಿಯಾಗಿದೆ, ಸಂತೋಷ. ಆದರೆ ಮುಟ್ಟಿ ನೋಡಲು ಒಂದು ದಿನ, ಸ್ಕ್ಯಾನಿಗೆ ಒಂದು ದಿನ, ಸೂಜಿಗೆ ಒಂದು ದಿನ, ರಿಪೋರ್ಟಿಗೆ ಒಂದು ದಿನ ಎಂದು ನಾಲ್ಕು ಸಲ ಬಾಗಲಕೋಟೆಗೆ ಅಲೆದರೆ ನಾಲ್ಕು ದಿನದ ಕೂಲಿ ಯಾರ ಗಂಟಿನಿಂದ ಹೋಯಿತು? ಬರುವ ರಿಪೋರ್ಟಾದರೂ ಕನ್ನಡದಲ್ಲಿ ಇರುತ್ತದೆಯೇ? ತನ್ನ ಮೊಲೆಯಲ್ಲಿ ಏನಿದೆ ಎಂದು ಓದಿಕೊಳ್ಳಲು ಅವಳು ಊರಿನ ಮಾಸ್ತರರ ಮುಂದೆ ನಿಲ್ಲಬೇಕು.

ಹೋದ ವರ್ಷ ಬಾದಾಮಿಗೆ ಹೋಗಿದ್ದೆ. ಅಗಸ್ತ್ಯ ತೀರ್ಥದ ದಂಡೆಯ ಮ್ಯೂಸಿಯಮ್ಮಿನಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇದ್ದಾಳೆ. ಚಾಲುಕ್ಯರ ಕಾಲದ ಶಿಲ್ಪ. ಮೈಮೇಲೆ ಬಟ್ಟೆಯಿಲ್ಲ, ತುಂಬಿದ ಮೊಲೆಗಳು, ಅಗಲಿಸಿದ ಕಾಲು. ತಲೆ ಇರಬೇಕಾದಲ್ಲಿ ಅರಳಿದ ತಾವರೆ. ಐಹೊಳೆಯ ಹತ್ತಿರದ ಸಿದ್ಧನಕೊಳ್ಳದಲ್ಲಿ ಇಂಥವಳೇ ಇನ್ನೊಬ್ಬಳಿಗೆ ಮಕ್ಕಳ ಫಲ ಬೇಡಿ ಹೆಣ್ಣುಮಕ್ಕಳು ಇವತ್ತಿಗೂ ಪೂಜೆ ಮಾಡುತ್ತಾರೆ. ಆ ಶಿಲ್ಪದ ಮುಂದೆ ನಾನು ಬಹಳ ಹೊತ್ತು ನಿಂತೆ. ಪಂಡಿತರು ತಾವರೆಯ ಅರ್ಥವನ್ನು ಸೃಷ್ಟಿ, ಸಮೃದ್ಧಿ ಎಂದು ಬಿಡಿಸುತ್ತಾರೆ, ಇರಬಹುದು. ನನಗೆ ಕಂಡದ್ದು ಅತ್ತಿ. ಮೈಯೆಲ್ಲ ಇದೆ, ಹೇಳಲು ಬಾಯಿಲ್ಲ. ಅವಳಿಗಿಟ್ಟ ಹೆಸರು ಬೇರೆ ಲಜ್ಜೆ! ಇದೇ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬಸವಣ್ಣನ ಹೆಸರು ಹೇಳುತ್ತೇವೆ, ಉಟ್ಟ ಬಟ್ಟೆ ಬಿಸುಟು ನಡೆದ ಅಕ್ಕಮಹಾದೇವಿಯ ಫೋಟೋಕ್ಕೆ ಮಾಲೆ ಹಾಕುತ್ತೇವೆ. ಅದೇ ಮನೆಯಲ್ಲಿ ಮಗಳು ಮೊಲೆಯಲ್ಲಿ ಗಂಟು ಎಂದರೆ ಬಾಯಿಗೆ ಸೆರಗು ತುರುಕುತ್ತೇವೆ.

ಅಕ್ಕನ ಮಗಳಿಗೆ ಈಗ 21. ಬಾಗಲಕೋಟೆಯ ಕಾಲೇಜಿಗೆ ಹೋಗುತ್ತಾಳೆ. ಈ ಚಳಿಗಾಲದಲ್ಲಿ ಒಂದು ರಾತ್ರಿ ಫೋನು ಮಾಡಿ, "ಚಿಗವ್ವ, ನನ್ನ ಬಲ ಮೊಲಿಯಾಗ ಗಂಟೈತಿ. ಅವ್ವಗ ಇನ್ನೂ ಹೇಳಿಲ್ಲ" ಎಂದಳು. ನಡುಗದ ದನಿ. ಮೊಲಿ ಎಂದೇ ಅಂದಳು. ಮರುದಿನ ಇಬ್ಬರೂ ಹೋದೆವು. ಮುಟ್ಟಿ ನೋಡಿದರು, ಸ್ಕ್ಯಾನ್ ಆಯಿತು, ಸೂಜಿ ಆಯಿತು. ಫೈಬ್ರೊಅಡಿನೋಮ, ಒಂದೂವರೆ ಸೆಂಟಿಮೀಟರ್, ಬಿಟ್ಟುಬಿಡಿ, ಆರು ತಿಂಗಳಿಗೆ ಬನ್ನಿ ಎಂದು ಬರೆದು ಕೊಟ್ಟರು. ಸಂಜೆ ಇಳಕಲ್ಲಿನ ಮನೆಯಲ್ಲಿ ಅಕ್ಕನ ಮುಂದೆ ಆ ಕಾಗದ ಇಟ್ಟಳು. ಅಕ್ಕ ರಾಟಿ ನಿಲ್ಲಿಸಿದಳು. ಕಾಗದವನ್ನು ತಿರುವಿ ತಿರುವಿ ನೋಡಿದಳು, ಮುದ್ರೆಯನ್ನು ಬೆರಳಿಂದ ಸವರಿದಳು. "ಹಿಂಗೊಂದು ಕಾಗದ ಕೊಡ್ತಾರೇನು?" ಎಂದು ಕೇಳಿದಳು. ಆಮೇಲೆ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೂಡಿನಲ್ಲಿಟ್ಟಳು.

ಶ್ರಾವಣದಲ್ಲಿ ಹುಡುಗಿಯದು ಮತ್ತೆ ಸ್ಕ್ಯಾನ್ ಇದೆ. ಆ ಬಸ್ಸಿಗೆ ತಾನೂ ಬರುತ್ತೇನೆಂದು ಅಕ್ಕ ಹೇಳಿದ್ದಾಳೆ, ಎರಡೂ ಮೊಲೆ ತೋರಿಸಿ ತನ್ನದೂ ಒಂದು ಕಾಗದ ಬರೆಸಿಕೊಂಡು ಬರಲು.